ಹಿಂದಿಂದ ತಳ್ಳೋ ಗಾಡಿಗೆ ಥಂಡಿ ಟಾಯರೇ ಬೇಕು

ಈ ವಾರ ಗುರೆಳ್ಳು ಚಟ್ನಿಪುಡಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕ ಇರಲಿ. ಯಾಕಂದ್ರ ನಮ್ಮ ಮನೆಮಂದಿ ಗ್ರೂಪಿನ್ಯಾಗ ಹತ್ತು ದಿನದಿಂದ ಒಂದ ಸುದ್ದಿ ನಡದದ, ಅದು ಟಾಯರಿಂದು. ಗಂಡಸರು ಬರದ ಮೆಸೇಜ್ ಎಣಿಸಲಿಕ್ಕೆ ಆಗಂಗಿಲ್ಲ. ಆ ಗಾಡಿ ನಡಸೋ ಹುಡುಗಿ ಬರದದ್ದು ಎರಡ ಸಾಲು: "ಮುಂಜಾನಿ ಐದೂವರಿಗೆ ಆ ಏರು ಹತ್ತೋದು ನಾನು. ನನಗ ಹೆದರಿಕಿ ಆಗ್ತದ." ಆ ಎರಡು ಸಾಲಿಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲಾರೂ ಲೆಕ್ಕದ ಕಡೆ ಹೋದ್ರು. ಹಿಂಗಾಗಿ ನಾ ಬರೀಲಿಕ್ಕೆ ಕೂತೀನಿ.

ಊರ ಕಡೆ ಇದ್ದವರಿಗೆ ಮೊದ್ಲ ಹಿನ್ನೆಲೆ ಹೇಳಬೇಕು. ನಮ್ಮ ಅಕ್ಕನ ಮಗ, ಸೊಸಿ ಈ ವರ್ಷ ಇಲ್ಲೆ ಜರ್ಮನಿಗೆ ಬಂದಾರ, ಸ್ಟುಟ್‌ಗಾರ್ಟ್‌ದಿಂದ ಸ್ವಲ್ಪ ಆಚೆ ಒಂದು ಸಣ್ಣ ಊರಾಗ ಮನಿ ಮಾಡ್ಯಾರ. ಸ್ಟುಟ್‌ಗಾರ್ಟ್ ಅಂದ್ರ ಮರ್ಸಿಡಿಸ್ ಊರು, ಬಾಷ್ ಊರು. ಈ ಎರಡೂ ಕಂಪನಿಗೆ ಬೆಂಗಳೂರಾಗ ದೊಡ್ಡ ಆಫೀಸ್ ಅವ, ಅದಕ್ಕ ಇಲ್ಲೆ ಕನ್ನಡ ಮಾತಾಡೋ ಮನಿಗಳಿಗೆ ಬರ ಇಲ್ಲ. ಹುಡುಗ ಮನ್ಯಾಗ ಕೂತ ಕಂಪ್ಯೂಟರ್ ಕೆಲಸ ಮಾಡ್ತಾನ. ಹುಡುಗಿ ನರ್ಸ್. ವಯಸ್ಸಾದವರನ್ನ ನೋಡ್ಕೊಳ್ಳೋ ಒಂದು ಆಶ್ರಮದಾಗ ಕೆಲಸ, ಆ ಆಶ್ರಮ ಗುಡ್ಡದ ಮ್ಯಾಲ ಅದ. ಆರು ಗಂಟೆಗೆ ಪಾಳಿ ಸುರು. ಆ ಹೊತ್ತಿಗೆ ಬಸ್ ಇಲ್ಲ. ಅದಕ್ಕ ಒಂದು ಹಳೇ ಬಿಎಂಡಬ್ಲ್ಯೂ ತೊಗೊಂಡಾರ, ಮೂರನೇ ಸಿರೀಸಿಂದು. ಗಾಡಿ ಛಲೋ ಅದ, ಒಬ್ಬ ಮುದುಕರು ಜ್ವಾಕಿಯಿಂದ ಇಟ್ಟಿದ್ರು. ಆದ್ರ ಅದು ಹಿಂದಿನ ಗಾಲಿ ಮ್ಯಾಲ ನಡಿಯೋ ಗಾಡಿ. ಬಂದ ಟಾಯರ್ ಬ್ಯಾಸಗಿದು. ಈಗ ಅಕ್ಟೋಬರ್ ಬಂತು.

ಮಗನ ಮಾತು ಹಿಂಗ: ವರ್ಷಪೂರ್ತಿ ಓಡೋ ಆಲ್ ಸೀಸನ್ ಟಾಯರ್ ಹಾಕಿಸಿಬಿಡೋಣು, ಒಮ್ಮೆ ಖರ್ಚು, ವರ್ಷಕ್ಕ ಎರಡು ಸಲ ಬದಲಿ ಮಾಡೋ ಗೊಡವಿ ಇಲ್ಲ, ನೆಲಮಾಳಿಗ್ಯಾಗ ನಾಕು ಗಾಲಿ ಒಟ್ಟೋದು ಇಲ್ಲ. ನನ್ನ ಮಾತು: ಈ ಗಾಡಿಗೆ, ಈ ದಾರಿಗೆ, ಈ ಹೊತ್ತಿಗೆ ಥಂಡಿ ಟಾಯರೇ ಬೇಕು, ನಾಕಕ್ಕ ನಾಕೂ. ಯಾಕ ಅಂತ ಹೇಳ್ತೀನಿ.

ಮೊದ್ಲ ಆ ಗುಡ್ಡದ ಸುದ್ದಿ. ಸ್ಟುಟ್‌ಗಾರ್ಟಿನ ದಕ್ಷಿಣಕ್ಕ ಶ್ವೇಬಿಶ್ ಆಲ್ಬ್ ಅಂತ ಉದ್ದಕ ಒಂದು ಗುಡ್ಡದ ಸಾಲು ಅದ. ಅದರ ಎತ್ತರದ ನೆತ್ತಿ 1015 ಮೀಟರ್. ನಮ್ಮ ಸಹ್ಯಾದ್ರಿ ಹಂಗ ಒಂದು ಕಡೆ ಗ್ವಾಡಿಗತೆ ಎದ್ದು ನಿಂತದ, ಮ್ಯಾಲ ಹತ್ತಿದ ಮ್ಯಾಲ ಬಯಲು. ಹುಬ್ಬಳ್ಳಿ ಕಡೆಯವರು ಅಂಕೋಲಾಕ್ಕ ಹೋಗುಮುಂದ ಅರಬೈಲ್ ಘಾಟ್ ಇಳೀತೀರೆಲ್ಲಾ, ಅಲ್ಲೆ ಮಳಿ ಬದಲು ಹಿಮ ಬಿದ್ದದ ಅಂತ ತಿಳ್ಕೋರಿ. ಬುಡಕ್ಕ ಬರೇ ಜಿಟಿಜಿಟಿ ಮಳಿ ಇರ್ತದ, ಅರ್ಧ ಹತ್ತೋದ್ರಾಗ ಮಳಿ ಹೋಗಿ ಹಿಮ, ನೆತ್ತಿಗೆ ಹೋದ್ರ ಬೆಳ್ಳಗ. ಮ್ಯೂನಿಕ್ ಕಡೆ ಹೋಗೋ ದೊಡ್ಡ ರಸ್ತೆ ಎ8 ಇದ ಗುಡ್ಡ ಹತ್ತಬೇಕು, ಹಿಮ ಬಿದ್ದ ದಿನ ಲಾರಿ ಅಡ್ಡಡ್ಡ ನಿಂತು ಗಂಟೆಗಟ್ಟಲೆ ಮಂದಿ ಸಿಕ್ಕೋತಾರ. ಅದು ದೊಡ್ಡ ರಸ್ತೆ ಸ್ಥಿತಿ. ನಮ್ಮ ಹುಡುಗಿ ಹೋಗೋದು ಹಳ್ಳಿ ದಾರಿ, ತಿರುವಿನ ಮ್ಯಾಲ ತಿರುವು. ಹಿಮ ಬಳಿಯೋ ಗಾಡಿ ಮೊದ್ಲ ದೊಡ್ಡ ರಸ್ತೆ ಬಳೀತದ, ಆಮ್ಯಾಲ ಇಂಥಾ ದಾರಿ ಕಡೆ ಬರ್ತದ. ಅಕಿ ಐದೂವರಿಗೆ ಹೋಗ್ತಾಳ. ಅಂದ್ರ ಎಷ್ಟೋ ದಿನ ಆ ಹಿಮದ ಮ್ಯಾಲ ಮೊದಲನೇ ಗಾಲಿ ಗುರ್ತು ಅಕೀದ ಇರ್ತದ.

ಇನ್ನ ಹಿಂದಿನ ಗಾಲಿ ಅಂದ್ರ ಏನು? ವೈನಿ ಫೋನಿನ್ಯಾಗ ಕೇಳಿದ್ರು, "ಗಾಡಿ ಅಂದ್ರ ನಾಕೂ ಗಾಲಿ ತಿರಗ್ತಾವಲ್ಲೇ, ಇದರಾಗ ಮುಂದಿಂದು ಹಿಂದಿಂದು ಏನ ಬಂತು?" ಛಲೋ ಪ್ರಶ್ನೆ. ತಿರಗೋದು ನಾಕೂ ಖರೆ, ಆದ್ರ ಇಂಜಿನ್ ಶಕ್ತಿ ಸಾಮಾನ್ಯ ಎರಡ ಗಾಲಿಗೆ ಹೋಗ್ತದ. ಶಕ್ತಿ ಮುಂದಿನ ಗಾಲಿಗೆ ಹೋದ್ರ ಅದು ಎತ್ತಿನ ಬಂಡಿ ಇದ್ದಂಗ. ಎತ್ತು ಮುಂದ, ಎತ್ತು ಹೊಳ್ಳಿದ ಕಡೆ ಬಂಡಿ ಹಿಂದ ಬರ್ತದ. ಶಕ್ತಿ ಹಿಂದಿನ ಗಾಲಿಗೆ ಹೋದ್ರ ಅದು ಕಾಯಿಪಲ್ಯದವನ ತಳ್ಳೋ ಗಾಡಿ. ಒಣ ನೆಲದ ಮ್ಯಾಲ ಛಂದ ಹೋಗ್ತದ, ಹಗುರಕ ಹೊಳ್ಳತದ. ನೆಲ ಜಾರಲಿಕ್ಕೆ ಹತ್ತಿದ್ರ ಹಿಂದಿನ ತುದಿ ಒಂದು ಕಡೆ, ಮುಂದಿನ ಮಾರಿ ಇನ್ನೊಂದು ಕಡೆ.

ಇದರ ಜೋಡಿ ಭಾರದ್ದೊಂದು ಮಾತದ. ಮುಂದಿನ ಗಾಲಿ ಎಳಿಯೋ ಸಣ್ಣ ಗಾಡಿಗಳಾಗ ಇಂಜಿನ್ನಿನ ಭಾರ ಎಲ್ಲಾ ಆ ಎಳಿಯೋ ಗಾಲಿ ಮ್ಯಾಲ ಕೂತಿರ್ತದ. ಹಿಮದಾಗ ಅದು ಉಪಯೋಗಕ್ಕ ಬರ್ತದ, ಗಾಲಿ ನೆಲಾ ಒತ್ತಿ ಹಿಡೀತದ. ಬಿಎಂಡಬ್ಲ್ಯೂದವರು ಭಾರ ಮುಂದ ಅರ್ಧ ಹಿಂದ ಅರ್ಧ ಹಂಚೀವಿ ಅಂತ ಹೆಮ್ಮಿಯಿಂದ ಹೇಳ್ತಾರ. ಒಣ ರಸ್ತೆದಾಗ ಗಾಡಿ ನಡಸಲಿಕ್ಕೆ ಅದು ಸೊಗಸು. ಹಿಮದ ಏರಿನ್ಯಾಗ ಮಾತ್ರ ತಳ್ಳೋ ಗಾಲಿಗೆ ಭಾರ ಸಾಲಂಗಿಲ್ಲ. ಏರು ಹತ್ತುಮುಂದ ಸ್ವಲ್ಪ ಭಾರ ಹಿಂದ ಸರೀತದ, ಅದನ್ನ ನಮ್ಮ ಮನಿ ಇಂಜಿನಿಯರ್ ಸಾಹೇಬ್ರು ಮೂರು ಸಲ ಬರದಾರ, ನಾನೂ ಒಪ್ತೀನಿ. ಆದ್ರ ಕೆಳಗಿಂದು ಹಿಮ ಆದ್ರ, ಮ್ಯಾಲಿಂದು ಗಟ್ಟಿ ರಬ್ಬರ್ ಆದ್ರ, ಆ ಸರಿದ ಭಾರ ಎಷ್ಟಕ್ಕ ಸಾಕಾಗ್ತದ?

ನಮ್ಮ ಊರಾಗ ಇದು ಗೊತ್ತಿಲ್ಲದ್ದೇನಲ್ಲ. ಅಂಬಾಸಿಡರ್ ಗಾಡಿನೂ ಹಿಂದಿನ ಗಾಲೀದ. ಮಳಿಗಾಲದಾಗ ನವಲಗುಂದ ಕಡೆ ಎರಿ ಮಣ್ಣಿನ ದಾರ್ಯಾಗ ಸಿಕ್ಕರ ಹಿಂದಿನ ಗಾಲಿ ಗಿರಗಿರ ತಿರಗೋದು, ಗಾಡಿ ಅಲ್ಲೇ. ಆಗ ನಮ್ಮ ಕಾಕಾ ಹುಡುಗೂರನ್ನೆಲ್ಲ ಡಿಕ್ಕಿ ಮ್ಯಾಲ ಕೂಡಸಿ ಗಾಡಿ ಎಬ್ಬಿಸ್ತಿದ್ರು. ನಮಗ ಅದು ಆಟ ಅನಸ್ತಿತ್ತು. ಇಲ್ಲೆ ಜರ್ಮನಿಯೊಳಗ ಹಳೇ ಮಂದಿ ಥಂಡ್ಯಾಗ ಡಿಕ್ಕಿಯೊಳಗ ಉಸುಕಿನ ಚೀಲ ಇಟ್ಕೊಂಡು ತಿರಗ್ತಿದ್ರಂತ. ನವಲಗುಂದಕ್ಕೂ ಇಲ್ಲಿಗೂ ಉಪಾಯ ಒಂದ! ಆದ್ರ ಉಸುಕಿನ ಚೀಲ ಏರು ಹತ್ತಲಿಕ್ಕೆ ಉಪಯೋಗ ಆಗಬಹುದು, ಬ್ರೇಕ್ ಹಾಕಿದಾಗ ಆ ಭಾರಾನೂ ನಿಂದರಸಬೇಕಲ್ಲ. ನಾ ಅದನ್ನ ಇಡ್ರಿ ಅಂತ ಹೇಳಂಗಿಲ್ಲ.

ಈಗ ರಬ್ಬರಿನ ಸುದ್ದಿ, ಇದು ನಮ್ಮ ಅಡಗಿಮನಿದ್ದು. ಥಂಡ್ಯಾಗ ಕೊಬ್ಬರಿ ಎಣ್ಣಿ ಶೀಶಾದಾಗ ಕಲ್ಲಾಗಿ ಕೂಡ್ತದ. ಶೇಂಗಾ ಎಣ್ಣಿ ಅಷ್ಟ ಥಂಡ್ಯಾಗೂ ಹರೀತದ. ಬ್ಯಾಸಗಿ ಟಾಯರಿನ ರಬ್ಬರ್ ಕೊಬ್ಬರಿ ಎಣ್ಣಿ ಜಾತಿ. ಥಂಡಿ ಬಂದಂಗ ಬಿರಸಾಗ್ತದ, ನೆಲದ ಸಣ್ಣ ತಗ್ಗು ದಿಣ್ಣಿಗೆ ಅಂಟಿಕೊಳ್ಳಂಗಿಲ್ಲ, ಮ್ಯಾಲಿಂದ ಮ್ಯಾಲ ಜಾರ್ತದ. ಸುಮಾರು 7 ಡಿಗ್ರಿ ಕೆಳಗ ಹೋದ್ರ ಬ್ಯಾಸಗಿ ಟಾಯರ್ ನಂಬಬ್ಯಾಡ್ರಿ ಅಂತ ಇಲ್ಲೆ ಎಲ್ಲಾರೂ ಹೇಳ್ತಾರ. ಥಂಡಿ ಟಾಯರ್ ಶೇಂಗಾ ಎಣ್ಣಿ. ಅದರ ರಬ್ಬರಿನ ಹದಾನೇ ಬ್ಯಾರೆ, ಸೊನ್ನಿ ಕೆಳಗ ಹೋದ್ರೂ ಮೆತ್ತಗ ಇರ್ತದ. ಇನ್ನ ಅದರ ಮೈಮ್ಯಾಲ ನೋಡಿದ್ರ ಬ್ಲೇಡಿನಿಂದ ಗೀರಿದಂಗ ನೂರಾರು ಸಣ್ಣ ಸೀಳು ಕಾಣ್ತಾವ. ಗಾಲಿ ತಿರಗಿದಾಗ ಆ ಸೀಳು ಬಾಯಿ ತಗದು ಹಿಮಾನ ಕಚ್ಚತಾವ. ಕಚ್ಚಿದ ಹಿಮ ಒಳಗ ಕೂತು ಕೆಳಗಿನ ಹಿಮಕ್ಕ ಅಂಟ್ತದ. ಹಿಮಕ್ಕ ಹಿಮ ಅಂಟಿದಂಗ ಬ್ಯಾರೆ ಯಾವುದೂ ಅಂಟಂಗಿಲ್ಲ, ಹುಡುಗೂರು ಹಿಮದ ಉಂಡಿ ಕಟ್ಟೋದು ನೋಡಿದ್ರ ತಿಳೀತದ. ಈ ಉಪಾಯ ಹೊಸದಲ್ಲ. ಫಿನ್‌ಲ್ಯಾಂಡಿನವರು 1934ರಾಗನ ಲಾರಿಗಳ ಸಲುವಾಗಿ ಥಂಡಿ ಟಾಯರ್ ಮಾಡಿದ್ರು, ಎರಡ ವರ್ಷಕ್ಕ ಕಾರಿಂದೂ ಬಂತು. ಅದರ ಹೆಸರು ಹಕ್ಕಪೆಲಿಟ್ಟ, ಇವತ್ತಿಗೂ ಅದ ಹೆಸರಿನ್ಯಾಗ ಮಾರ್ತಾರ.

ವರ್ಷಪೂರ್ತಿ ಟಾಯರ್ ಅಂದ್ರ ಎರಡೂ ಎಣ್ಣಿ ಕಲಸಿದ್ದು. ಬ್ಯಾಸಗ್ಯಾಗ ಭಾಳ ಮೆತ್ತಗಾಗಬಾರದು, ಥಂಡ್ಯಾಗ ಭಾಳ ಬಿರಸಾಗಬಾರದು. ಹಂಗ ಮಾಡಲಿಕ್ಕೆ ಹೋದಾಗ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗ್ತದ. ಇತ್ತಿತ್ಲಾಗಿನ ವರ್ಷಪೂರ್ತಿ ಟಾಯರ್ ಭಾಳ ಸುಧಾರಿಸ್ಯಾವ, ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ಆಳ ಹಿಮದ ಏರಿನ್ಯಾಗ ಛಲೋ ಥಂಡಿ ಟಾಯರಿಗೆ ಸರಿಸಾಟಿ ಆಗ್ತಾವ ಅಂದ್ರ ನಂಬಂಗಿಲ್ಲ.

ಮಗನ ದೊಡ್ಡ ಅಸ್ತ್ರ ಕಾಯ್ದೆ. "ಮಾವಶಿ, ಕಾಯ್ದೆ ಒಪ್ಪೇದ, ನೀವ್ಯಾಕ ಒಪ್ಪಂಗಿಲ್ಲ?" ಅಂತಾನ. ಇಲ್ಲಿ ಕಾಯ್ದೆ 2010ರ ಡಿಸೆಂಬರಿನ್ಯಾಗ ಗಟ್ಟಿ ಆತು. ಇಂಥಾ ತಾರೀಖಿನಿಂದ ಇಂಥಾ ತಾರೀಖಿನ ತನಕ ಅಂತ ಇಲ್ಲ. ರಸ್ತೆ ಮ್ಯಾಲ ಹಿಮ, ಹಿಮದ ರಾಡಿ, ಮಂಜುಗಡ್ಡಿ ಇದ್ರ ತಕ್ಕ ಟಾಯರ್ ಇಲ್ಲದ ಗಾಡಿ ರಸ್ತೆಕ್ಕ ತರಬಾರದು, ಅಷ್ಟ. ತಂದು ಸಿಕ್ಕರ 60 ಯೂರೋ ದಂಡ, ಮ್ಯಾಲ ಲೈಸೆನ್ಸಿನ ಲೆಕ್ಕದಾಗ ಒಂದು ಪಾಯಿಂಟ್. ಸಿಕ್ಕೊಂಡು ಮಂದಿ ದಾರಿ ಕಟ್ಟಿದ್ರ 80. ತಕ್ಕ ಟಾಯರ್ ಅಂದ್ರ ಯಾವುದು? ಟಾಯರಿನ ಬದೀಗೆ ಮೂರು ಶಿಖರದ ಗುಡ್ಡ, ಅದರೊಳಗ ಹಿಮದ ಹೂವು, ಈ ಚಿತ್ರ ಇರಬೇಕು. ಮೊದ್ಲ ಬರೇ ಎಂ ಪ್ಲಸ್ ಎಸ್ ಅಂತ ಬರದಿದ್ರೂ ನಡೀತಿತ್ತು, 2024ರ ಅಕ್ಟೋಬರ್ 1ರಿಂದ ಅದು ಬಂದ್ ಆಗೇದ. ಹಳೇ ಟಾಯರ್ ಕಡಿಮಿ ರೇಟಿಗೆ ಕೊಡ್ತೀನಿ ಅಂತ ಯಾರರೆ ಬಂದ್ರ ಮೊದ್ಲ ಈ ಚಿತ್ರ ಹುಡುಕ್ರಿ.

ಆ ಚಿತ್ರ ವರ್ಷಪೂರ್ತಿ ಟಾಯರ್ ಮ್ಯಾಲೂ ಇರ್ತದ, ಖರೆ. ಆದ್ರ ಆ ಚಿತ್ರ ಅಂದ್ರ ಪಾಸ್ ಅಂತ ಮಾತ್ರ. ಹಿಮದ ಮ್ಯಾಲ ಒಂದು ಮಾದರಿ ಟಾಯರ್ ಜೋಡಿ ಹೋಲಿಸಿ ನೋಡ್ತಾರ, ಇಷ್ಟಕ್ಕಿಂತ ಛಲೋ ಹಿಡಿದ್ರ ಚಿತ್ರ ಹಾಕ್ಕೋಬಹುದು. ನಮ್ಮ ಎಸ್ಸೆಸ್ಸೆಲ್ಸಿದಾಗ 35 ತೊಗೊಂಡವನೂ ಪಾಸ್, 95 ತೊಗೊಂಡವನೂ ಪಾಸ್. ಮಾರ್ಕ್ಸ್ ಕಾರ್ಡ್ ನೋಡದ ಬರೇ ಪಾಸ್ ಅಂತ ಕೇಳಿ ಯಾರರೆ ಮದುವಿ ಮಾಡ್ತಾರೇನು? ಕಾಯ್ದೆ ಇಡೀ ದೇಶಕ್ಕ ಒಂದ. ಉತ್ತರದ ಹ್ಯಾಂಬರ್ಗಿನ ಸಪಾಟ ರಸ್ತೆಗೂ ಅದ, ನಮ್ಮ ಹುಡುಗಿ ಹತ್ತೋ ಏರಿಗೂ ಅದ. ಕಾಯ್ದಿಗೆ ಅಕಿ ಏರು ಕಾಣಂಗಿಲ್ಲ, ನಮಗ ಕಾಣ್ತದ.

ಎರಡನೇ ಅಸ್ತ್ರ ಇಎಸ್‌ಪಿ. ಗಾಡಿ ಜಾರಿದ್ರ ತಾನ ತಿಳಕೊಂಡು, ಒಂದೊಂದು ಗಾಲಿಗೆ ಬ್ಯಾರೆ ಬ್ಯಾರೆ ಬ್ರೇಕ್ ಹಾಕಿ ಸರಿ ದಾರಿಗೆ ತರೋ ಉಪಕರಣ. ಬಾಷ್ ಮತ್ತ ಮರ್ಸಿಡಿಸ್ ಕೂಡಿ 1995ರಾಗ ಮೊದ್ಲ ತಂದ್ರು, ಅಂದ್ರ ಈ ಊರಿನ ಕೂಸು. 2014ರ ನವೆಂಬರಿನಿಂದ ಯುರೋಪಿನ ಎಲ್ಲಾ ಹೊಸ ಕಾರಿಗೂ ಕಡ್ಡಾಯ. ಭಾಳ ಜೀವ ಉಳಿಸೇದ, ಹಿಂದಿನ ಗಾಲಿ ಗಾಡಿಗಂತೂ ದೇವರು ಕೊಟ್ಟ ವರ. ಆದ್ರ ಅದು ಸಾರು ಮಾಡೋ ಜಾಣಿ ಇದ್ದಂಗ. ಡಬ್ಬಿಯಾಗ ಇದ್ದಷ್ಟ ಬ್ಯಾಳಿ ನಾಕೂ ಮಂದಿಗೆ ಹದವಾಗಿ ಹಂಚ್ತಾಳ. ಡಬ್ಬಿ ಖಾಲಿ ಇದ್ರ ಅಕಿನೂ ಏನ್ ಮಾಡ್ಯಾಳ? ಹಿಡಿತ ಕೊಡೋದು ಟಾಯರ್, ಇಎಸ್‌ಪಿ ಬರೇ ಹಂಚೋದು.

ಮೂರನೇದು, ಗ್ರೂಪಿನ್ಯಾಗ ಒಬ್ರು ಹಿರೇರು ಹೇಳಿದ ಮಾತು: "ಶಕ್ತಿ ಹಿಂದಿನ ಗಾಲಿಗೆ ಅದ ಅಲ್ಲ, ಹಿಂದ ಎರಡ ಥಂಡಿ ಟಾಯರ್ ಹಾಕಿಸ್ರಿ, ಅರ್ಧ ರೊಕ್ಕ ಉಳೀತದ." ಇದನ್ನ ಓದಿ ನನಗ ಎದಿ ಧಸಕ್ಕಂತು. ಹಿಂದ ಎರಡ ಹಾಕಿದ್ರ ಗಾಡಿ ಏರು ಹತ್ತತದ, ನಿಮ್ಮ ಧೈರ್ಯಾನೂ ಹತ್ತತದ. ಆಮ್ಯಾಲ ತಿರುವು ಬಂತು, ಸ್ಟೇರಿಂಗ್ ಹೊಳ್ಳಿಸಿದ್ರಿ, ಮುಂದಿನ ಗಾಲಿ ಬ್ಯಾಸಗೀವು, ಅವಕ್ಕ ಹಿಡಿತ ಇಲ್ಲ, ಗಾಡಿ ಸೀದಾ ಗಟಾರಕ್ಕ. ಮತ್ತ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಗಾಲೀದ, ಯಾಕಂದ್ರ ಬ್ರೇಕ್ ಹಾಕಿದಾಗ ಭಾರ ಮುಂದ ವಾಲ್ತದ. ಮುಂದಿನ ಗಾಲಿ ಗಾಡಿಗೆ ಮುಂದ ಎರಡ ಹಾಕೋರೂ ಇದ್ದಾರ, ಅದು ಇನ್ನೂ ಕಷ್ಟ, ಬ್ರೇಕ್ ಹಾಕಿದ ಕೂಡ್ಲೆ ಹಿಂಭಾಗ ಗಿರಕಿ ಹೊಡೀತದ. ಎರಡು ಕಾಲಿಗೆ ಬೂಟು, ಎರಡು ಕಾಲಿಗೆ ಹವಾಯಿ ಚಪ್ಪಲಿ ಹಾಕಿದ ದನ ನೋಡೀರೇನು? ನಾಕೂ ಒಂದ ಜಾತಿ ಇರಬೇಕು, ಇದರಾಗ ನಾ ಯಾರ ಮಾತೂ ಕೇಳಂಗಿಲ್ಲ.

ಒಂದು ಮಾತು ಯಾರೂ ಎತ್ತಲಿಲ್ಲ. ಎಲ್ಲಾರೂ ಹತ್ತೋದರ ಬಗ್ಗೆನ ಬರದಾರ. ಹತ್ತಲಿಕ್ಕೆ ಆಗಲಿಲ್ಲ ಅಂದ್ರ ಏನಾಗ್ತದ? ಗಾಡಿ ನಿಂದರತದ, ಹುಡುಗಿ ಫೋನ್ ಮಾಡಿ ತಡ ಆಗ್ತದ ಅಂತಾಳ, ಮುಗೀತು. ನನ್ನ ಚಿಂತಿ ಇಳಿಯೋದರದ್ದು. ಮಧ್ಯಾಹ್ನ ಪಾಳಿ ಮುಗಿಸಿ, ಎಂಟು ತಾಸು ಮುದುಕರನ್ನ ಎತ್ತಿ ಇಳಿಸಿ ಕೈಕಾಲು ಸೋತು, ಅದ ತಿರುವಿನ ದಾರ್ಯಾಗ ಕೆಳಗ ಬರಬೇಕು. ಇಳಿಜಾರಿನ್ಯಾಗ ಶಕ್ತಿ ಯಾವ ಗಾಲಿಗೆ ಹೋಗ್ತದ ಅನ್ನೋದು ಲೆಕ್ಕಕ್ಕಿಲ್ಲ. ಮುಂದಿಂದು, ಹಿಂದಿಂದು, ನಾಕೂದು, ಯಾವ ಗಾಡಿ ಆದ್ರೂ ಬ್ರೇಕ್ ನಾಕೂ ಗಾಲಿಗೆ, ಹಿಡಿಯೋದು ನಾಕು ಅಂಗೈಯಷ್ಟು ರಬ್ಬರ್. ಅದಕ್ಕ ಫೋರ್ ವೀಲ್ ಡ್ರೈವ್ ಇದ್ದವರು ತಮಗ ಥಂಡಿ ಟಾಯರ್ ಬ್ಯಾಡ ಅಂತ ಮೆರೆಯೋದು ನೋಡಿದ್ರ ನನಗ ನಗಿ ಬರ್ತದ. ಅವರ ಗಾಡಿ ಛಂದ ಹೊಂಡ್ತದ, ಹೊಂಟಷ್ಟ ಛಂದ ನಿಂದರಂಗಿಲ್ಲ.

ಹಂಗಂತ ವರ್ಷಪೂರ್ತಿ ಟಾಯರ್ ಹಾಕಿಸಿದವರೆಲ್ಲ ಜಿಪುಣರು ಅಂತ ನಾ ಅನ್ನಂಗಿಲ್ಲ. ಕಾರ್ಲ್ಸ್‌ರೂಹಿನ್ಯಾಗ ನಮ್ಮ ಗೆಳತಿ ಒಬ್ಬಾಕಿ ಇದ್ದಾಳ. ರೈನ್ ನದಿ ಬಯಲಿನ ಊರು, ಸಪಾಟ, ಜರ್ಮನಿಯೊಳಗ ಬೆಚ್ಚಗಿರೋ ಊರುಗಳಾಗ ಅದೊಂದು. ಅಕಿದು ಮುಂದಿನ ಗಾಲಿದು ಸಣ್ಣ ಗಾಡಿ, ವಾರಕ್ಕ ಎರಡು ಸಲ ಅಂಗಡಿಗೆ, ಮಕ್ಕಳ ಈಜು ಕ್ಲಾಸಿಗೆ. ಹಿಮ ಬಿದ್ದ ದಿನ ಗಾಡಿ ಮನ್ಯಾಗ ಬಿಟ್ಟು ಟ್ರಾಮಿಗೆ ಹೋಗ್ತಾಳ. ಅಕಿಗೆ ವರ್ಷಪೂರ್ತಿ ಟಾಯರ್ ಬರೋಬ್ಬರಿ ಅದ. ಅಕಿಗೆ ಎರಡು ಜೋಡಿ ಟಾಯರ್ ಕೊಳ್ಳಲಿಕ್ಕೆ ಹಚ್ಚೋದು ಸುಮ್ಮ ರೊಕ್ಕ ಹಾಳು. ವ್ಯತ್ಯಾಸ ಎಲ್ಲೆ ಅದ ನೋಡ್ರಿ: ಕೆಟ್ಟ ದಿನ ಅಕಿ ಗಾಡಿ ಬಿಟ್ಟು ಹೋಗಬಹುದು. ನಮ್ಮ ಸೊಸಿಗೆ ಆ ಅವಕಾಶ ಇಲ್ಲ. ರಾತ್ರಿ ಪಾಳಿ ಮಾಡಿದಾಕಿ ಇಕಿ ಬರೋ ತನಕ ಮನಿಗೆ ಹೋಗಂಗಿಲ್ಲ. ಯಾವ ದಿನ ಊರ ಮಂದಿ ಎಲ್ಲಾ ಮನ್ಯಾಗ ಕೂಡ್ತಾರೋ ಅದ ದಿನ ಅಕಿ ಹೋಗಲೇಬೇಕು.

ಇತ್ತಿತ್ಲಾಗ ಕರೆಂಟಿನ ಗಾಡಿಗಳಾಗ ಹಿಂದಿನ ಗಾಲಿ ಮತ್ತ ವಾಪಸ್ ಬಂದದ. ಫೋಕ್ಸ್‌ವ್ಯಾಗನ್ ಐಡಿ3, ಟೆಸ್ಲಾದ ಕಡಿಮಿ ರೇಟಿನ ಮಾಡೆಲ್ಲು, ಇವುಗಳ ಮೋಟಾರು ಹಿಂದ. ಮೋಟಾರಿನ ಭಾರ ಹಿಂದಿನ ಗಾಲಿ ಮ್ಯಾಲ ಬೀಳೋದ್ರಿಂದ ಹತ್ತೋದು ಸ್ವಲ್ಪ ಸರಳ. ಆದ್ರ ಬ್ಯಾಟರಿಯಿಂದ ಇಡೀ ಗಾಡಿ ಭಾಳ ವಜ್ಜಿ, ಇಳಿಜಾರಿನ್ಯಾಗ ಅಷ್ಟೂ ವಜ್ಜಿ ನಿಂದರಸಬೇಕು. ನನ್ನ ಮಾತು ಅವಕ್ಕೂ ಅದ.

ಇನ್ನ ರೊಕ್ಕ. ಖರ್ಚು ಇಲ್ಲ ಅಂತ ಸುಳ್ಳು ಹೇಳಂಗಿಲ್ಲ. ನಾಕು ಟಾಯರ್, ನಾಕು ರಿಮ್ಮು, ವರ್ಷಕ್ಕ ಎರಡು ಸಲ ಬದಲಿ ಮಾಡೋ ಕೂಲಿ. ಆದ್ರ ಒಂದು ಜೋಡಿ ಓಡುಮುಂದ ಇನ್ನೊಂದು ಜೋಡಿ ಸವಿಯಂಗಿಲ್ಲ. ಎರಡು ಸೀರಿ ಪಾಳಿ ಪ್ರಕಾರ ಉಟ್ರ ಎರಡೂ ಹೆಚ್ಚು ದಿನ ಬರ್ತಾವಲ್ಲ, ಹಂಗ. ಮ್ಯಾಲ ನಾನು ಮಗನಿಗೆ ಒಂದು ಉಪಾಯ ಹೇಳೀನಿ. ಆ ಬಿಎಂಡಬ್ಲ್ಯೂದಾಗ ಈಗ ಇರೋದು ಅಗಲ ಟಾಯರ್, ಹಿಂದಿಂದು ಮುಂದಿನಕ್ಕಿಂತಾ ಇನ್ನೂ ಅಗಲ. ನೋಡಲಿಕ್ಕೆ ದೊಡ್ಡ ಅಂಚಿನ ಇಳಕಲ್ ಸೀರಿ ಹಂಗ ಛಂದ. ಹಿಮದ ರಾಡಿಯೊಳಗ ಅಗಲ ಟಾಯರ್ ಮ್ಯಾಲ ತೇಲ್ತದ, ಸಪೂರ ಟಾಯರ್ ಕೊಯ್ದು ನೆಲಾ ಮುಟ್ಟತದ. ಗಾಡಿ ಕಾಗದದಾಗ ಯಾವ ಯಾವ ಅಳತಿ ನಡೀತದ ಅಂತ ಇರ್ತದ, ಅದರಾಗ ಸಣ್ಣ ರಿಮ್ಮು, ಸಪೂರ ಟಾಯರ್, ನಾಕೂ ಒಂದ ಅಳತಿದು ಆರಿಸಬೇಕು. ಅದು ಹಿಮಕ್ಕೂ ಛಲೋ, ರೇಟೂ ಕಡಿಮಿ. ವರ್ಷಪೂರ್ತಿ ಟಾಯರ್ ಆ ಅಗಲ ರಿಮ್ಮಿಗೆ ಹಾಕಿಸಿದ್ರ ಉಳೀತದ ಅಂತ ಅಂದುಕೊಂಡ ರೊಕ್ಕದಾಗ ಅರ್ಧ ಅಲ್ಲೇ ಹೋಗ್ತಿತ್ತು. ಇದನ್ನ ಹೇಳಿದ ಮ್ಯಾಲ ಮಗ ಎರಡು ದಿನದಿಂದ ಸುಮ್ಮ ಇದ್ದಾನ, ಅದು ಒಪ್ಪಿಗಿ ಅಂತ ನಾ ತಿಳಕೊಂಡೀನಿ.

ಸೆಕೆಂಡ್ ಹ್ಯಾಂಡ್ ಥಂಡಿ ಟಾಯರ್ ನೋಡೋರು ಎರಡು ವಿಷಯ ತಾವ ನೋಡ್ರಿ, ಗಂಡನ ಕಡೆ ಬಿಡಬ್ಯಾಡ್ರಿ. ಟಾಯರಿನ ಬದೀಗೆ ಡಿಒಟಿ ಅಂತ ಇದ್ದಲ್ಲೆ ಕಡೀಕ ನಾಕು ಅಂಕಿ ಇರ್ತಾವ. 3521 ಅಂತ ಇದ್ರ 2021ರ 35ನೇ ವಾರದಾಗ ಮಾಡಿದ್ದು. ವರ್ಷ ಆದಂಗ ರಬ್ಬರ್ ಬಿರಸಾಗ್ತದ, ಮ್ಯಾಲಿನ ಗೀರು ಎಷ್ಟ ಆಳ ಇದ್ರೂ ಹಳೇ ಟಾಯರ್ ಹಳೇದ. ಇನ್ನೊಂದು ಆಳ. ಕಾಯ್ದೆ 1.6 ಮಿಲಿಮೀಟರ್ ಸಾಕು ಅಂತದ, ಆದ್ರ ಥಂಡಿ ಟಾಯರಿಗೆ 4 ಇರಲೇಬೇಕು ಅಂತ ತಿಳದವರು ಹೇಳ್ತಾರ, ಬಾಜೂ ಆಸ್ಟ್ರಿಯಾದಾಗ ಕಾಯ್ದೆನ ಹಂಗದ. ಅಳೀಲಿಕ್ಕೆ ಪರ್ಸಿನ್ಯಾಗ ಇರೋ 2 ಯೂರೋ ನಾಣ್ಯ ತೊಗೋರಿ. ಅದರ ಹೊರಗಿನ ಬೆಳ್ಳಿ ಬಣ್ಣದ ಅಂಚು ಸುಮಾರು 4 ಮಿಲಿಮೀಟರ್. ಗೀರಿನ್ಯಾಗ ನಾಣ್ಯ ನಿಂದರಸಿದಾಗ ಬೆಳ್ಳಿ ಅಂಚು ಪೂರಾ ಮುಚ್ಚಿದ್ರ ಟಾಯರ್ ನಡೀತದ, ಅಂಚು ಕಂಡ್ರ ಬ್ಯಾಡ.

ಯಾವಾಗ ಹಾಕಿಸೋದು? ಜರ್ಮನಿಯವರು ಅಕ್ಟೋಬರಿನಿಂದ ಈಸ್ಟರ್ ತನಕ ಅಂತಾರ. ನಮ್ಮ ಲೆಕ್ಕದಾಗ ದಸರಾದಿಂದ ಯುಗಾದಿ ಅಂತ ನೆನಪ ಇಟ್ಕೋರಿ, ಯುಗಾದಿ ಆದಮ್ಯಾಲೂ ಒಂದೆರಡು ವಾರ ತಡೀರಿ, ಗುಡ್ಡದ ಮ್ಯಾಲ ಏಪ್ರಿಲ್‌ದಾಗೂ ಹಿಮ ಬಿದ್ದದ್ದು ಉಂಟು. ಗ್ಯಾರೇಜಿನವರ ಹತ್ರ ಸಮಯ ಮೊದ್ಲ ಕೇಳಿ ಇಡ್ರಿ. ಮೊದಲನೇ ಹಿಮ ಬಿದ್ದ ಮುಂಜಾನೆ ಹೋದ್ರ ದೀಪಾವಳಿ ಹಿಂದಿನ ದಿನ ಟೇಲರ್ ಹತ್ರ ಜಂಪರ್ ಹೊಲಿಲಿಕ್ಕೆ ಒಯ್ದಂಗ ಆಗ್ತದ.

ಆಮ್ಯಾಲ ಸೊಸಿಗೆ ನಾಕು ಮಾತು. ಟಾಯರ್ ಬದಲಿ ಮಾಡಿಸಿ 50 ಕಿಲೋಮೀಟರ್ ಓಡಿದ ಮ್ಯಾಲ ಗಾಲಿ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಬೇಕು, ಗ್ಯಾರೇಜಿನವರು ರಸೀದಿ ಮ್ಯಾಲ ಬರದಿರ್ತಾರ, ಯಾರೂ ಓದಂಗಿಲ್ಲ. ಥಂಡಿ 10 ಡಿಗ್ರಿ ಇಳಿದ್ರ ಟಾಯರಿನ ಗಾಳಿ ಸುಮಾರು 0.1 ಬಾರ್ ಇಳೀತದ, ತಿಂಗಳಿಗೊಮ್ಮೆ ನೋಡು. ಹಿಮದಾಗ ಹೊಂಡುಮುಂದ ಎರಡನೇ ಗೇರ್, ಕಾಲು ಮೆತ್ತಗ, ಕಣಕಾ ನಾದಿದಂಗ. ಗಾಲಿ ಸುಮ್ಮ ತಿರಗಲಿಕ್ಕೆ ಹತ್ತಿದ್ರ ಇನ್ನೂ ಒತ್ತಬ್ಯಾಡ, ಹಿಮ ಕರಗಿ ಮಂಜುಗಡ್ಡಿ ಆಗ್ತದ. ಡಿಕ್ಕಿಯೊಳಗ ಒಂದು ಜೋಡಿ ಸರಪಳಿ ಇರಲಿ. ನಿನ್ನ ಗಾಡಿಗೆ ಅದನ್ನ ಹಿಂದಿನ ಗಾಲಿಗೆ ಕಟ್ಟಬೇಕು, ಕಟ್ಟಿದ ಮ್ಯಾಲ 50ರ ಮ್ಯಾಲ ಓಡಿಸೋ ಹಂಗಿಲ್ಲ. ಕಟ್ಟೋದನ್ನ ಒಂದು ಒಣ ಆದಿತ್ಯವಾರ ಮನಿ ಮುಂದ ಎರಡು ಸಲ ಕಟ್ಟಿ ಬಿಚ್ಚಿ ಕಲ್ತುಕೋ, ಕತ್ತಲ್ಯಾಗ ಕೈಗೆ ಮರಗಟ್ಟಿದಾಗ ಪುಸ್ತಕ ನೋಡಿ ಕಲಿಯೋದು ಆಗಂಗಿಲ್ಲ. ನಿನ್ನ ಗಂಡನ್ನೂ ಜೋಡಿ ಕರ್ಕೋ, ಅಂವನೂ ಕಲೀಲಿ.